ಹಿಂದೆ ಲೋಡಿಲ್ಲ ತಾತ

ನನ್ನ ಮೊಮ್ಮಗಳಿಗೆ ಕೆಲಸ ಸಿಕ್ಕಿತು. ಜೋರಾಗಿ ಓಡುವ ದೊಡ್ಡ ಕಾರುಗಳಲ್ಲಿ, ಓಡಿಸಲು ಬಂದವರ ಪಕ್ಕ ಕೂತು ಹೇಳಿಕೊಡುವ ಕೆಲಸ. ಈ ಮಾತನ್ನು ಮೊದಲೇ ಬರೆದುಬಿಟ್ಟರೆ ನನಗೆ ಸಮಾಧಾನ. ಮೊನ್ನೆಯಿಂದ ಕಂಡಕಂಡವರಿಗೆಲ್ಲ ಹೇಳಿದ್ದೇನೆ. ಹಾಲಿನ ಡೈರಿಯ ಹತ್ತಿರ ಹೇಳಿದವರಿಗೇ ಮತ್ತೆ ಹೇಳಿ ನಗಿಸಿಕೊಂಡಿದ್ದೇನೆ. ಕತ್ತು ತಿರುಗುತ್ತಿಲ್ಲ, ಸೊಂಟ ಹಿಡಿದುಕೊಂಡಿದೆ, ಕೂತಲ್ಲೇ ಕಣ್ಣು ಮುಚ್ಚುತ್ತದೆ. ಆದರೂ ಒಳಗಿನದು ಉಕ್ಕಿ ಬರುತ್ತಿದೆ, ಬರೆಯದೆ ಇರಲಾರೆ. ನಾನು ಓದಿದ್ದು ಕಡಿಮೆ. ತಪ್ಪಿದ್ದರೆ ಮೊಮ್ಮಗಳು ತಿದ್ದಲಿ.

ನಮ್ಮದು ಹಾರನಹಳ್ಳಿ. ನಾನು ಇಷ್ಟು ವರ್ಷ ಟೆಂಪೋ ಓಡಿಸಿ ಬದುಕಿದವನು. ತೆಂಗಿನಕಾಯಿ, ಕೊಬ್ಬರಿ ಮೂಟೆ ಹೇರಿಕೊಂಡು ಅರಸೀಕೆರೆಗೆ, ಹಳೇಬೀಡಿಗೆ, ಬೇಲೂರಿಗೆ, ಅಲ್ಲಿಂದ ಬಿಕ್ಕೋಡಿನ ಎಸ್ಟೇಟುಗಳ ಕಡೆಗೆ ಹೋಗಿಬರುವುದೇ ನನ್ನ ಬಾಳು. ರಜೆ ಬಂತೆಂದರೆ ಮೊಮ್ಮಗಳು ನನ್ನ ಪಕ್ಕದಲ್ಲೇ. ಲೈಸೆನ್ಸ್ ಆದ ಮೇಲೆ ಅರಸೀಕೆರೆಯ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಹೆಂಗಸರಿಗೆ ಕಾರು ಕಲಿಸುತ್ತಿದ್ದಳು.

ನಮ್ಮೂರಿಂದ ಅರಸೀಕೆರೆಗೆ ಹೋಗುವಾಗ ಸಿಗುವ ಬಯಲಿನಲ್ಲಿ ಒಂದು ಕಂಪನಿಯವರು ಸುತ್ತಿ ಸುತ್ತಿ ಬರುವಂಥ ಟ್ರ್ಯಾಕು ಹಾಕಿದ್ದಾರೆ. ದೂರದೂರದಿಂದ ಜನ ಬಂದು ಒಂದು ದಿನದ ಮಟ್ಟಿಗೆ ಅಲ್ಲಿ ಕಾರು ಓಡಿಸಿ ಹೋಗುತ್ತಾರೆ. ಕಾರು ಅವರದಲ್ಲ, ಖುಷಿ ಮಾತ್ರ ಅವರದು. ಅಲ್ಲಿ ಹೇಳಿಕೊಡುವ ಕೆಲಸಕ್ಕೆ ಇವಳು ಕೇಳಿಕೊಂಡಿದ್ದಳು. ಅದಕ್ಕೊಂದು ಪರೀಕ್ಷೆ. ಇಂಥ ಕಾರನ್ನು ಮುಟ್ಟಿಯೇ ಇಲ್ಲದ ಒಬ್ಬರನ್ನು ಮನೆಯಿಂದ ಕರೆತರಬೇಕು. ಅವರು ನೇರ ದಾರಿಯಲ್ಲಿ ಜೋರಾಗಿ ಹೋಗಿ, ಕೆಂಪು ಹಲಗೆಯ ಹತ್ತಿರ ಒಂದೇ ಸಲಕ್ಕೆ ಗಟ್ಟಿಯಾಗಿ ಬ್ರೇಕ್ ಒತ್ತಿ, ತಿರುವು ತೆಗೆದುಕೊಳ್ಳುವ ಹಾಗೆ ಕಲಿಸಬೇಕು. ಕಲಿಸಿದರೆ ಕೆಲಸ, ಇಲ್ಲದಿದ್ದರೆ ಇಲ್ಲ.

"ಅಪ್ಪಂಗ್ಯಾಕೆ ಆ ಕಷ್ಟ? ನಾನೇ ಬತ್ತೀನಿ ಬಿಡು," ಎಂದ ನನ್ನ ಮಗ.

"ನೀನು ನನ್ ಮಾತು ಕೇಳಲ್ಲ ಕಣಪ್ಪ. ತಾತ ಆದ್ರೆ ಕೇಳುತ್ತೆ," ಎಂದಳು ಅವಳು.

ಒಳಗಿನಿಂದ ನನ್ನ ಹೆಂಡತಿ, "ಕೇಳುತ್ತೆ ಕೇಳುತ್ತೆ. ನನ್ ಮಾತೊಂದು ಬಿಟ್ಟು ಊರೋರ್ದೆಲ್ಲ ಕೇಳುತ್ತೆ," ಎಂದಳು.

ಅಲ್ಲಿಗೆ ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಆ ದಿನದಲ್ಲಿ ಓಡಿಸುವುದು ಸ್ವಲ್ಪ, ಕಾಯುವುದೇ ಬಹಳ. ಬೆಳಿಗ್ಗೆ ಬೇಗ ನನ್ನ ಟೆಂಪೋದಲ್ಲೇ ಹೋಗಿ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆವು. ಏನಾದರೂ ಆದರೆ ನನ್ನದೇ ಜವಾಬ್ದಾರಿ ಎಂಬ ಕಾಗದಕ್ಕೆ ನಿಧಾನವಾಗಿ ಸಹಿ ಹಾಕಿದೆ. ಚಪ್ಪಲಿ ಹಾಕಿಕೊಂಡು ಓಡಿಸುವ ಹಾಗಿಲ್ಲ ಎಂದರು. ಅದು ಮೊಮ್ಮಗಳಿಗೆ ಗೊತ್ತಿತ್ತು, ಮಗನ ಶೂ ತಂದಿದ್ದಳು. ಮುಂದೆ ಬಟ್ಟೆ ತುರುಕಿ ಹಾಕಿಕೊಂಡೆ. ಆಮೇಲೆ ಪರದೆಯ ಮೇಲೆ ಚಿತ್ರ ಬಿಟ್ಟು ತುಂಬ ಹೊತ್ತು ಮಾತಾಡಿದರು. ಎಲ್ಲಿ ಬ್ರೇಕ್ ಹಾಕಬೇಕು, ಯಾವ ಬಾವುಟ ತೋರಿಸಿದರೆ ನಿಲ್ಲಿಸಬೇಕು ಎಂದು. ನನಗೆ ತೂಕಡಿಕೆ ಬಂತು. ಮೊಮ್ಮಗಳು ಮೊಣಕೈಯಲ್ಲಿ ತಿವಿದಳು.

ಹೆಲ್ಮೆಟ್ ಹಾಕುವಾಗ ಕಿವಿ ಮಡಚಿಕೊಂಡು ನೋಯುತ್ತದೆ. ಒಳಗೆ ನಮ್ಮ ಉಸಿರೇ ನಮಗೆ ಬಿಸಿ. ಕಾರು ಎಷ್ಟು ತಗ್ಗೆಂದರೆ, ಪಂಕ್ತಿಯಲ್ಲಿ ಊಟಕ್ಕೆ ಕೂತ ಹಾಗೆ ಕೂರಬೇಕು. ಎರಡೂ ಹೆಗಲ ಮೇಲೆ ಬೆಲ್ಟು ಬಿಗಿಯುತ್ತಾರೆ. ಕ್ಲಚ್ ಇಲ್ಲ. ನನ್ನ ಎಡಗಾಲು ಅದನ್ನು ಹುಡುಕುತ್ತಲೇ ಇತ್ತು. "ಆ ಕಾಲಿಗೆ ಇವತ್ತು ರಜಾ ತಾತ, ಹಿಂದಕ್ಕೆ ಇಟ್ಕೊ," ಎಂದಳು. ಅವಳ ಕಡೆಗೆ ಬ್ರೇಕ್ ಇರಲಿಲ್ಲ. ಅವಳಿಗೆ ಇದ್ದದ್ದು ಬಾಯಿ ಮಾತ್ರ.

ಮೊದಲ ಸುತ್ತುಗಳು ಮೆಲ್ಲಗೆ, ದಾರಿ ನೋಡಿಕೊಳ್ಳಲು. ಆಮೇಲೆ "ಒತ್ತು" ಎಂದಳು. ಒತ್ತಿದೆ. ಯಾರೋ ಎದೆಗೆ ಕೈಯಿಟ್ಟು ಸೀಟಿಗೆ ತಳ್ಳಿದ ಹಾಗಾಯಿತು. ಟೆಂಪೋ ಓಡಿಸಿದ ಅಷ್ಟೂ ವರ್ಷದಲ್ಲಿ ಅಂಥ ಓಟ ನಾನು ಕಂಡಿರಲಿಲ್ಲ. ಅದಕ್ಕೆ ಹೆದರಲಿಲ್ಲ, ನಿಜವಾಗಿ ಖುಷಿಯೇ ಆಯಿತು. ತೊಂದರೆಯಾದದ್ದು ಬ್ರೇಕಿನ ಹತ್ತಿರ.

"ಹಲಗೆ ಬರೋಗಂಟ ಕಾಯಿ. ಈಗ ಒತ್ತು, ಪೂರ್ತಿ ಒತ್ತು," ಎಂದು ಅವಳು ಹೇಳುತ್ತಾಳೆ. ನನ್ನ ಕಾಲು ಹಲಗೆ ಇನ್ನೂ ದೂರ ಇರುವಾಗಲೇ ಬ್ರೇಕಿನ ಮೇಲೆ ಹೋಗಿ ಮೆಲ್ಲಗೆ, ಸವರಿದ ಹಾಗೆ ಒತ್ತುತ್ತದೆ. ತಿರುವಿಗೆ ಬರುವ ಹೊತ್ತಿಗೆ ಎತ್ತಿನ ಗಾಡಿಯ ವೇಗ. ಮತ್ತೊಂದು ಸುತ್ತು ಹಾಕಿದೆವು. ಹಾಗೇ ಆಯಿತು. ಸ್ವಲ್ಪ ಹೊತ್ತು ಇಳಿಸಿ ನೀರು ಕುಡಿಸಿ ಮತ್ತೆ ಕೂರಿಸಿದಳು. ಆಗಲೂ ಹಾಗೇ. ಅವಳ ದನಿಯಲ್ಲಿ ಕೋಪ ಇರಲಿಲ್ಲ. ಆದರೆ ತೊಡೆಯ ಮೇಲಿಟ್ಟ ಅವಳ ಬೆರಳುಗಳು ಒಂದನ್ನೊಂದು ಹಿಂಡುತ್ತಿದ್ದವು. ಅದು ಕಂಡು, ಈ ಮುದುಕನನ್ನು ಯಾಕಾದರೂ ಕರೆತಂದಳೋ, ಮಗನಾದರೂ ಬಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಪರೀಕ್ಷೆ ಮಾಡುವ ಸಾಹೇಬರು ಕಿಟಕಿಯ ಹತ್ತಿರ ಬಂದು ಬಗ್ಗಿದರು. "ಯಜಮಾನ್ರಿಗೆ ಸುಸ್ತಾಗಿದೆ ಅನ್ಸುತ್ತೆ. ಇನ್ನೊಂದೇ ಸುತ್ತು ಕೊಡ್ತೀನಿ. ಬೇಡ ಅಂದ್ರೆ ಇಲ್ಲಿಗೇ ನಿಲ್ಲಿಸೋಣ."

"ಒಂದ್ ನಿಮಿಷ ಸರ್," ಎಂದಳು ಮೊಮ್ಮಗಳು. ನನ್ನನ್ನೇ ನೋಡುತ್ತಾ ಕೂತಳು. ಆಮೇಲೆ, "ತಾತ, ಬ್ರೇಕ್ ಮುಟ್ಟೋಕ್ ಮುಂಚೆ ನೀನು ಬೆನ್ನು ಬಗ್ಗಿಸ್ತೀಯ. ಕತ್ತು ಒಳಕ್ಕೆ ಎಳ್ಕೊತೀಯ. ಯಾಕೆ?" ಎಂದಳು.

ನನಗೇ ಗೊತ್ತಿರಲಿಲ್ಲ. ಅವಳು ಹೇಳಿದ ಮೇಲೆ ಬೆನ್ನಿಗೆ ಗೊತ್ತಾಯಿತು. ಬಿಕ್ಕೋಡಿನ ಹತ್ತಿರದ ಇಳಿಜಾರಿನಲ್ಲಿ ಒಮ್ಮೆ ಎದುರಿಗೆ ಜೀಪು ಬಂದು ನಾನು ಜೋರಾಗಿ ಬ್ರೇಕ್ ಹೊಡೆದಿದ್ದೆ. ಹಗ್ಗ ಕಿತ್ತು, ಸೀಟಿನ ಹಿಂದಿನ ಹಲಗೆ ಮುರಿದು, ಕೊಬ್ಬರಿ ಮೂಟೆಗಳು ನನ್ನ ಬೆನ್ನ ಮೇಲೆ ಬಿದ್ದಿದ್ದವು. ಅಂದಿನಿಂದ ನಾನು ಗಟ್ಟಿಯಾಗಿ ಬ್ರೇಕ್ ಒತ್ತಿದವನೇ ಅಲ್ಲ. ದೂರದಿಂದಲೇ ಮೆಲ್ಲಗೆ ಒತ್ತುತ್ತಾ ಬರುವುದು. ಮೂಟೆ ಅಲುಗಬಾರದು, ಅಷ್ಟೇ ನನ್ನ ಲೆಕ್ಕ.

ಅದನ್ನೇ ಹೇಳಿದೆ. ಅವಳು ನಗಲಿಲ್ಲ.

"ಹಿಂದೆ ಲೋಡಿಲ್ಲ ತಾತ."

"ಗೊತ್ತು ಕಣವ್ವ."

"ನಿಂಗ್ ಗೊತ್ತು, ನಿನ್ ಬೆನ್ನಿಗೆ ಗೊತ್ತಿಲ್ಲ. ಇಳಿ. ಟೆಂಪೋ ಹೊರಡೋಕ್ ಮುಂಚೆ ಏನ್ ಮಾಡ್ತಿದ್ದೆ, ಅದನ್ನೇ ಮಾಡು."

ಟೆಂಪೋ ಹೊರಡುವ ಮುಂಚೆ ನಾನು ಸುತ್ತ ಒಂದು ಬಾರಿ ಬಂದು, ಹಗ್ಗ ಜಗ್ಗಿ, ಮೂಟೆಗೆ ಕೈಯಿಟ್ಟು ನೂಕಿ ನೋಡುತ್ತಿದ್ದೆ. ಹಾಗೆ ನೋಡದೆ ಒಂದು ದಿನವೂ ಹೊರಟವನಲ್ಲ. ಬೆಲ್ಟು ಬಿಚ್ಚಿ ಇಳಿದೆ. ಹೆಲ್ಮೆಟ್ ಹಾಕಿಕೊಂಡೇ ಕಾರಿನ ಸುತ್ತ ಬಂದೆ. ಶಾಮಿಯಾನದ ಕೆಳಗಿದ್ದವರು ಎದ್ದು ನಿಂತು ನೋಡಿದರು, ಯಾರೋ ಕಿಸಕ್ಕನೆ ನಕ್ಕರು.

"ಏನು ಹುಡುಕ್ತಿದ್ದಾರೆ ಇವರು?" ಎಂದರು ಸಾಹೇಬರು.

"ಲೋಡ್ ನೋಡ್ತಿದ್ದಾರೆ ಸರ್," ಎಂದಳು ಮೊಮ್ಮಗಳು, ಬಲು ಗಂಭೀರವಾಗಿ.

ಡಿಕ್ಕಿ ತೆಗೆಸಿ ಒಳಗೆ ಕೈಯಾಡಿಸಿದೆ. ಮೊಮ್ಮಗಳು ಎತ್ತಿಟ್ಟಿದ್ದ ನನ್ನ ಚಪ್ಪಲಿ ಬಿಟ್ಟರೆ ಏನೂ ಇರಲಿಲ್ಲ. ಸೀಟಿನ ಹಿಂದೆಯೂ ಕೈಯಿಟ್ಟು ನೋಡಿದೆ. ಖಾಲಿ. ಬಂದು ಕೂತೆ.

ಕೊನೆಯ ಸುತ್ತು. ನೇರ ದಾರಿಯಲ್ಲಿ ಒತ್ತಿದೆ. ಬಯಲಾಚೆಯ ತೆಂಗಿನ ಮರಗಳೆಲ್ಲ ಒಂದಾಗಿ ಗೋಡೆಯ ಹಾಗೆ ಕಂಡವು. ಹಲಗೆ ಬರುತ್ತಿದೆ. ಅವಳು ಬ್ರೇಕ್ ಎನ್ನಲಿಲ್ಲ. "ಖಾಲಿ ಗಾಡಿ ತಾತ, ಖಾಲಿ ಗಾಡಿ," ಎಂದಳು. ಹಲಗೆಯ ಪಕ್ಕದಲ್ಲಿ ನನ್ನ ಬಲಗಾಲು ಇಳಿಯಿತು. ಪೂರ್ತಿ ಇಳಿಯಿತು. ಬೆಲ್ಟು ಹೆಗಲನ್ನು ಕಚ್ಚಿತು, ತಲೆ ಮುಂದಕ್ಕೆ ಹೋಯಿತು. ಬೆನ್ನ ಮೇಲೆ ಏನೂ ಬೀಳಲಿಲ್ಲ. ಕಾರು ತಗ್ಗಿ ನಿಂತ ಹಾಗಾಗಿ, ನಾನು ತಿರುಗಿಸಿದ ಕಡೆಗೆ ತಿರುಗಿತು. ಅವಳು ಏನೋ ಕೂಗಿದಳು, ನನಗೆ ಕೇಳಿಸಲಿಲ್ಲ. ಹೆಲ್ಮೆಟ್ಟಿನೊಳಗೆ ನನ್ನ ಕಣ್ಣು ಒದ್ದೆಯಾಗಿತ್ತು, ಒರೆಸಿಕೊಳ್ಳಲು ಆಗುವ ಹಾಗಿರಲಿಲ್ಲ.

ಕಡೆಗೆ ಕಲಿಸುವವರು ತಾವೇ ಓಡಿಸಿ ಒಂದು ಸುತ್ತು ತೋರಿಸುತ್ತಾರೆ. ಅವಳು ಓಡಿಸಿದಳು. ನಾನು ಬಾಗಿಲು ಹಿಡಿದುಕೊಂಡು ಶಿವ ಶಿವ ಎಂದೆ. ಹೊಟ್ಟೆ ಹಿಂದಿನ ತಿರುವಿನಲ್ಲೇ ಉಳಿಯಿತು. ಹೋಗುವವರು ಬೆಳಿಗ್ಗೆ ಹಗುರಾಗಿ ತಿಂದು ಹೋಗುವುದು ಒಳ್ಳೆಯದು. ಇಳಿಯುವಾಗ ಸಾಹೇಬರೇ ಬಂದು ತೋಳು ಹಿಡಿದುಕೊಂಡರು. ಅವಳ ಕಡೆ ನೋಡಿ, "ಸೋಮವಾರದಿಂದ ಬಂದ್ಬಿಡಿ," ಎಂದರು. ಅಷ್ಟೇ ಹೇಳಿದ್ದು.

ವಾಪಸ್ಸು ಬರುವಾಗ ಟೆಂಪೋ ಅವಳೇ ಓಡಿಸಿದಳು. ಹಿಂದೆ ಬೆಳಿಗ್ಗೆ ಇಳಿಸದೆ ಉಳಿದಿದ್ದ ಒಂದಷ್ಟು ಕಾಯಿ ಇದ್ದವು. ಊರ ಬಾಗಿಲ ಹಂಪ್ ದೂರದಲ್ಲಿ ಕಂಡ ಕೂಡಲೇ ಮೆಲ್ಲಗೆ ಬ್ರೇಕ್ ಸವರುತ್ತಾ ಬಂದಳು. ಒಂದು ಕಾಯಿಯೂ ಉರುಳಲಿಲ್ಲ. ನಾನು ಅರೆ ನಿದ್ದೆಯಲ್ಲಿದ್ದೆ, ಆದರೂ ಗೊತ್ತಾಯಿತು.

ಮನೆಯಲ್ಲಿ ಸುದ್ದಿ ಕೇಳಿ ಸೊಸೆ ಅವಳ ಕೆನ್ನೆ ಸವರಿ ನೆಟಿಗೆ ಮುರಿದಳು. ನನ್ನ ಹೆಂಡತಿ ಆ ಕಾಯಿಗಳಲ್ಲೇ ಎರಡನ್ನು ಒಡೆದು ತುರಿಯಲು ಕೂತಳು. ಸಂಜೆಗೆ ಕಾಯಿ ಹೋಳಿಗೆ, ಮುದ್ದೆ, ಹುರುಳಿಕಾಳಿನ ಸಾರು. ನಮ್ಮ ಮನೆಯಲ್ಲಿ ಗಂಡಸರು ಉಂಡ ಮೇಲೆ ಹೆಂಗಸರು ಕೂರುವುದು. ಅಂದು ಮೊಮ್ಮಗಳು ಪಾತ್ರೆಗಳನ್ನೆಲ್ಲ ತಂದು ನಡುಮನೆಯ ಮಧ್ಯೆ ಇಟ್ಟು, "ಬೇಕಾದ್ದು ಅವ್ರವ್ರೇ ಹಾಕ್ಕಳಿ. ಅಜ್ಜಿ, ನೀನೂ ಕೂತ್ಕೊ," ಎಂದಳು.

"ನನ್ನ್ ಯಾವಾಗ ಕರ್ಕಂಡೋಗ್ತೀಯ ಆ ಕಾರಿಗೆ?" ಎಂದಳು ನನ್ನ ಹೆಂಡತಿ, ಕೂರುತ್ತಾ.

"ಬ್ಯಾಡ ಕಣವ್ವ, ಕಲ್ಸೋರ್ಗೇ ಕಲ್ಸಕ್ಕೆ ಶುರು ಮಾಡ್ತೀಯ," ಎಂದ ಮಗ.

ನನಗೆ ಕೈ ಮೇಲೆತ್ತಲು ಆಗುತ್ತಿರಲಿಲ್ಲ. ಹೆಂಡತಿ ಬೈಯುತ್ತಲೇ ಹೋಳಿಗೆ ಮುರಿದು ತುಪ್ಪ ಹಾಕಿ ತಟ್ಟೆಗಿಟ್ಟಳು. ಮೊಮ್ಮಗಳು ನನ್ನ ಪಕ್ಕ ಬಂದು ಕೂತಳು, ಟೆಂಪೋದಲ್ಲಿ ಕೂರುತ್ತಿದ್ದ ಕಡೆಗೇ. ನಾನು ಬೆನ್ನನ್ನು ಪೂರ್ತಿಯಾಗಿ ಗೋಡೆಗೆ ಒರಗಿಸಿ, ಎಲ್ಲರ ಜೊತೆ ಉಂಡೆ.