ಹನ್ನೆರಡು ಚಕ್ರ, ಹನ್ನೆರಡು ಬಟ್ಟಲು

ಮಿರಜದ ಮಾರ್ಕೆಟಿನ ಹಿಂದಿನ ಗಲ್ಲಿಯಲ್ಲಿ ಶಾಂತಿನಾಥರ ಪಂಪು ರಿಪೇರಿ ಅಂಗಡಿ ಇದೆ. ಬಾಗಿಲ ಬಳಿ, ಬೆಳಕಿನಲ್ಲಿ, ಗೋಣಿತಟ್ಟು ಹಾಸಿದ ಜಾಗದಲ್ಲಿ ಕೂತು ಶಾಂತಿನಾಥರು ಪಂಪು ಬಿಚ್ಚುತ್ತಾರೆ. ಒಳಗೆ ಗೋಡೆಯ ಕಡೆ, ಟ್ಯೂಬ್‌ಲೈಟಿನ ಕೆಳಗಿನ ಸ್ಟೂಲಿನ ಮೇಲೆ ಕೂತು ರಂಜನಾ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುತ್ತಾಳೆ. ಸ್ಟೂಲಿನಿಂದ ಗೋಣಿತಟ್ಟಿಗೆ ಹೆಚ್ಚೆಂದರೆ ಎಂಟು ಹೆಜ್ಜೆ. ಆ ಎಂಟು ಹೆಜ್ಜೆ ನಡೆಯಲು ರಂಜನಾಳಿಗೆ ಹನ್ನೊಂದು ವರ್ಷ ಹಿಡಿದವು. ಹೇಗೆ ನಡೆದಳು ಅನ್ನುವುದನ್ನೇ ಹೇಳಬೇಕಾಗಿದೆ.

ಬೋರಿನೊಳಗೆ ಇಳಿಸುವ ಪಂಪಿಗೆ ಎರಡು ಭಾಗ. ಕೆಳಗೆ ಮೋಟಾರು, ಅದರ ತಲೆಯ ಮೇಲೆ ಪಂಪು. ಮೋಟಾರು ಉದ್ದನೆಯ ದಂಡವೊಂದನ್ನು ತಿರುಗಿಸುತ್ತದೆ. ದಂಡಕ್ಕೆ ಪೋಣಿಸಿದ ಚಕ್ರಗಳು ತಮ್ಮ ತಮ್ಮ ಬಟ್ಟಲಿನಲ್ಲಿ ತಿರುಗುತ್ತ ನೀರನ್ನು ಒಂದರಿಂದ ಒಂದಕ್ಕೆ ಮೇಲೆ ತಳ್ಳುತ್ತವೆ. ತಂತಿ ಸುಟ್ಟರೆ ರಂಜನಾಳ ಕೆಲಸ, ಚಕ್ರ ಕೆಟ್ಟರೆ ಶಾಂತಿನಾಥರ ಕೆಲಸ. ಅವಳು ಸುತ್ತಿದ ಮೋಟಾರು ವರ್ಷದೊಳಗೆ ಮರಳಿ ಬಂದದ್ದನ್ನು ಆ ಗಲ್ಲಿಯಲ್ಲಿ ಯಾರೂ ಕಂಡಿಲ್ಲ. ಆದರೂ ಅವಳು ಎದ್ದು ಗೋಣಿತಟ್ಟಿನ ಹತ್ತಿರ ಬಂದರೆ ಸಾಕು, ಶಾಂತಿನಾಥರು ತಲೆ ಎತ್ತದೆಯೇ ಹೇಳುತ್ತಿದ್ದರು: "ಮೋಟಾರ ನಿಂದು, ಪಂಪ ನಂದು. ಪಂಪಿಗೆ ಕೈ ಹಚ್ಚಬ್ಯಾಡ."

ಮನುಷ್ಯ ಕೆಟ್ಟವರಲ್ಲ. ಪಗಾರ ತಪ್ಪಿಸಿದವರಲ್ಲ, ಒಂದು ದಿನವೂ ಎತ್ತರದ ದನಿಯಲ್ಲಿ ಮಾತಾಡಿದವರಲ್ಲ. ಹೆಣ್ಣುಮಗಳು ಬಿಚ್ಚಿದ ಪಂಪನ್ನು ರೈತರು ನಂಬಿ ಬೋರಿಗೆ ಇಳಿಸುವುದಿಲ್ಲ ಎಂದು ಅವರೇ ತೀರ್ಮಾನಿಸಿಬಿಟ್ಟಿದ್ದರು. ರೈತರನ್ನು ಕೇಳುವ ಗೋಜಿಗೆ ಮಾತ್ರ ಹೋಗಿರಲಿಲ್ಲ. ರಂಜನಾ ಮೂರು ವರ್ಷದಿಂದ ಬಿಡದೆ ಕೇಳುತ್ತಿದ್ದಳು. ಕೇಳಿ ಇಲ್ಲವೆನ್ನಿಸಿಕೊಂಡ ದಿನವೂ ಸ್ಟೂಲಿನ ಮೇಲಿಂದ ಕತ್ತು ಚಾಚಿ ನೋಡುತ್ತಿದ್ದಳು. ನೋಡುವುದಕ್ಕೆ ಯಾರ ಅಪ್ಪಣೆ ಬೇಕು?

ಅವಳು ಖಂಡೇರಾಜುರಿಯ ಕುರಿಗಾರರ ಮಗಳು. ತಂದೆ ಜ್ಯೋತೆಪ್ಪನಿಗೆ ಆಗ ನೂರು ಕುರಿ. ಹಗಲು ಕುರಿಗಳು ಮೇಯಲು ಹೋದರೆ ಎಳೆಯ ಮರಿಗಳು ಹಟ್ಟಿಯಲ್ಲೇ ಉಳಿಯುತ್ತಿದ್ದವು. ಸಂಜೆ ಹಿಂಡು ಬಂದಾಗ ಒಂದೇ ಗದ್ದಲ. ಬೆಳೆದ ಮರಿ ತಾನೇ ತಾಯಿಯನ್ನು ಹುಡುಕಿಕೊಳ್ಳುತ್ತದೆ, ಮೂರು ದಿನದ ಮರಿಗೆ ಏನು ತಿಳಿಯಬೇಕು? ಅಂಥವನ್ನು ಎತ್ತಿಕೊಂಡು ಹೋಗಿ ತಾಯಿಗೆ ಕೂಡಿಸುವುದು ರಂಜನಾಳ ಕೆಲಸ. ತಪ್ಪಿ ಬೇರೆ ಕುರಿಯ ಬಳಿ ಬಿಟ್ಟರೆ ಅದು ಮೂಸಿ ನೋಡಿ ಗುದ್ದಿ ಓಡಿಸುತ್ತಿತ್ತು. ಹತ್ತು ವರ್ಷದವಳಾಗುವಷ್ಟರಲ್ಲಿ ಅವಳ ಕೈ ತಪ್ಪುವುದು ನಿಂತಿತ್ತು.

ಹೋದ ವರ್ಷ ದೀಪಾವಳಿಗೆ ಎರಡು ದಿನ ಇರುವಾಗ ಶಾಂತಿನಾಥರು ಬುಧಗಾಂವದ ದಾರಿಯಲ್ಲಿ ಮೋಟಾರ್‌ಸೈಕಲ್ಲಿನಿಂದ ಜಾರಿ ಬಿದ್ದು ಬಲಭುಜ ಮುರಿದುಕೊಂಡರು. ತಿಂಗಳೊಪ್ಪತ್ತು ಕೈ ಎತ್ತಬಾರದು ಎಂದರು ಡಾಕ್ಟರು. ಪಾಡ್ಯದ ದಿನ ಹತಾರಗಳ ಪೂಜೆ ತಪ್ಪಬಾರದೆಂದು ರಂಜನಾ ಒಬ್ಬಳೇ ಬಂದು ಅಂಗಡಿ ತೆರೆದು, ಬೋಲ್ಟು ಬಿಚ್ಚುವ ಪಾನಾ, ಸುತ್ತಿಗೆಗಳಿಗೆ ಕುಂಕುಮ ಹಚ್ಚುತ್ತಿದ್ದಳು. ಅಷ್ಟರಲ್ಲಿ ಬಾಗಿಲಿಗೆ ಒಂದು ಟೆಂಪೊ ಬಂದು ನಿಂತಿತು.

ಇಳಿದವರು ಬೇಡಗದ ಜಿನಪ್ಪನವರು. ಮೂರು ಎಕರೆ ದ್ರಾಕ್ಷಿ ತೋಟದ ಯಜಮಾನರು, ಬಿಳಿ ಟೋಪಿಗೆ ಒಂದು ಕಲೆಯಿಲ್ಲ. ಪಂಪು ಎರಡು ದಿನದಿಂದ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಬಳ್ಳಿ ಸವರುವ ಛಾಟಣಿ ಮುಗಿದು ಹೊಸ ಚಿಗುರು ಬರುವ ಹೊತ್ತು. ಈಗ ನೀರು ತಪ್ಪಿದರೆ ವರ್ಷದ ಬೆಳೆ ತಪ್ಪಿತು. ಸಾಂಗ್ಲಿಯಲ್ಲಿ ಹಬ್ಬಕ್ಕೆ ಎಲ್ಲ ಅಂಗಡಿ ಮುಚ್ಚಿವೆ, ನಾಲ್ಕು ದಿನ ಯಾರೂ ಸಿಗುವುದಿಲ್ಲ.

ರಂಜನಾ ಫೋನು ಹಚ್ಚಿದಳು. "ಅಣ್ಣಾ, ಬೇಡಗದ ಜಿನಪ್ಪ ಕಾಕಾ ಬಂದಾರ. ಪಂಪ ಜಾಮ ಆಗೇತಿ. ನಾ ಬಿಚ್ಚಲೇನ್ರಿ?"

"ಮೋಟಾರ ನೋಡಿ ಕಳಸು. ಪಂಪ ನಾ ಬಂದ ಮ್ಯಾಲ."

"ನೀವ ಬರೂದು ತಿಂಗಳಾದ ಮ್ಯಾಲ್ರಿ. ಬಳ್ಳಿ ಅಲ್ಲೀಮಟ ಕಾಯತಾವೇನ್ರಿ?"

ಶಾಂತಿನಾಥರು ಹೇಳಿದರು: "ಬಿಚ್ಚು. ಆದ್ರ ಒಂದ ಮಾತು. ಈ ಪಂಪ ನೀರ ಎತ್ತಲಿಲ್ಲಂದ್ರ ಮತ್ತ ಪಂಪಿನ ಹೆಸರ ತಗೀಬ್ಯಾಡ. ನಿನ್ನ ತಂತಿ, ನಿನ್ನ ಸ್ಟೂಲು."

"ಎತ್ತಿದ್ರರಿ?"

"ಮೊದಲ ಎತ್ತಲಿ."

ಜಿನಪ್ಪನವರು ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಇದರ ಮೊದಲ ಎಷ್ಟ ಪಂಪ ಬಿಚ್ಚೀಯವ್ವಾ?"

"ಒಂದೂ ಇಲ್ರಿ ಕಾಕಾ. ಆದ್ರ ಹನ್ನೊಂದ ವರ್ಷ ಬಿಚ್ಚೂದು ನೋಡೇನಿ."

ಸುಳ್ಳು ಹೇಳಿದ್ದರೆ ಅವರು ಟೆಂಪೊ ತಿರುಗಿಸುತ್ತಿದ್ದರೋ ಏನೋ. ನಿಜ ಕೇಳಿ ಟೋಪಿ ಸರಿಮಾಡಿಕೊಂಡು, "ಆತು, ನಾ ಇಲ್ಲೇ ಕುಂದರತೇನಿ" ಎಂದು ಕಟ್ಟೆಯ ಮೇಲೆ ಕೂತರು.

ಮೋಟಾರನ್ನು ಬೇರೆ ಮಾಡಿ ಪರೀಕ್ಷೆ ಮಾಡಿದಳು. ಎರಡು ವರ್ಷದ ಹಿಂದೆ ತಾನೇ ಸುತ್ತಿದ್ದ ತಂತಿ, ಗಟ್ಟಿಯಾಗಿತ್ತು. ರೋಗ ಮೇಲಿನ ಭಾಗದಲ್ಲಿ. ಜೀವನದಲ್ಲಿ ಮೊದಲ ಸಲ ಗೋಣಿತಟ್ಟಿನ ಮೇಲೆ ಕಾಲು ಮಡಚಿ ಕೂತು ಪಂಪಿನ ಮೈಗೆ ಚೈನ್ ಪಾನಾ ಹಾಕಿದಳು. ಅದು ಜಗ್ಗಲಿಲ್ಲ. ಕಾಲು ಒತ್ತಿ, ಹಲ್ಲು ಕಚ್ಚಿ ಇಡೀ ಮೈಯ ಭಾರ ಹಾಕಿದಾಗ ಕಟ್ ಎಂದು ಬಿಟ್ಟುಕೊಟ್ಟಿತು. ಒಳಗೆಲ್ಲ ಉಸುಕು. ದಂಡವನ್ನು ಹಿಡಿದಿಡುವ ಬುಶ್ಶುಗಳು ಸವೆದು ದಂಡ ಓಲಾಡುತ್ತಿತ್ತು.

ಒಂದು ಚಕ್ರ, ಒಂದು ಬಟ್ಟಲು, ಮತ್ತೆ ಒಂದು ಚಕ್ರ, ಮತ್ತೆ ಒಂದು ಬಟ್ಟಲು. ಹನ್ನೆರಡು ಜೋಡಿ. ಹೊರಬಂದ ಹಾಗೆಯೇ ಚಕ್ರಗಳನ್ನು ಒಂದು ತಂತಿಗೆ ಪೋಣಿಸಿದಳು, ಬಟ್ಟಲುಗಳನ್ನು ಸಾಲಾಗಿ ಇಟ್ಟಳು. ಇದು ಶಾಂತಿನಾಥರ ಪದ್ಧತಿ. ಹಳೆಯ ಪಂಪಿನಲ್ಲಿ ಪ್ರತಿ ಚಕ್ರವೂ ತನ್ನ ಬಟ್ಟಲಿನ ಜತೆ ಸವೆದು ಅದಕ್ಕೇ ಒಗ್ಗಿಕೊಂಡಿರುತ್ತದೆ. ಜೋಡಿ ತಪ್ಪಿದರೆ ಉಜ್ಜುತ್ತದೆ, ಉಜ್ಜಿದರೆ ಮತ್ತೆ ಜಾಮ್. ಸಾಲನ್ನು ಇನ್ನೊಮ್ಮೆ ಕಣ್ಣಿನಿಂದ ಎಣಿಸಿ ಅವಳು ಹೊಸ ಬುಶ್ಶು ತರಲು ಹೊರಟಳು. ಪೇಟೆಯಲ್ಲಿ ಬಿಡಿಭಾಗ ಮಾರುವ ಸಿದ್ಧೇಶ್ವರ ಶೇಟರು ಪೂಜೆಗೆಂದು ಅರ್ಧ ಶಟರು ಎತ್ತಿದ್ದರು. ಬುಶ್ಶು ಸಿಕ್ಕಿತು. ಚಕ್ರದ ಹೊಸ ಸೆಟ್ಟು ಈ ಹಳೇ ಪಂಪಿಗೆ ಹಬ್ಬ ಮುಗಿಯುವವರೆಗೆ ಎಲ್ಲೂ ಸಿಗುವುದಿಲ್ಲ ಎಂದೂ ಅವರೇ ಹೇಳಿದರು.

ಮರಳಿ ಬಂದು ನೋಡಿದರೆ ಅವಳು ಇಟ್ಟ ಸಾಲು ಅಲ್ಲಿರಲಿಲ್ಲ.

ಜಿನಪ್ಪನವರು ಸುಮ್ಮನೆ ಕೂಡುವ ಜಾತಿಯಲ್ಲ. ಹೆಣ್ಣುಮಗಳು ಒಬ್ಬಳೇ ದುಡಿಯುತ್ತಾಳೆ, ತಾನೂ ಒಂದು ಕೈ ಹಚ್ಚೋಣ ಎಂದು ಚಕ್ರಗಳನ್ನು ತಂತಿಯಿಂದ ಬಿಡಿಸಿ, ಬಟ್ಟಲುಗಳ ಸಮೇತ ಬಕೆಟ್ಟಿನಲ್ಲಿ ತೊಳೆದು ಥಳಥಳ ಮಾಡಿಟ್ಟಿದ್ದರು. ಇಟ್ಟದ್ದಾದರೂ ಹೇಗೆ? ವರ್ಷವರ್ಷವೂ ಒಣದ್ರಾಕ್ಷಿಯನ್ನು ಸಾಂಗ್ಲಿಯ ಮಾರ್ಕೆಟಿಗೆ ಹಾಕುವ ಮುಂಚೆ ಆರಿಸುವ ಹಾಗೆ. ಚೊಕ್ಕದ್ದು ಮೊದಲು, ನಡುತರದ್ದು ನಡುವೆ, ಸವೆದದ್ದು ಕೊನೆಗೆ. ಚಕ್ರಗಳದೊಂದು ಸಾಲು, ಬಟ್ಟಲುಗಳದೊಂದು ಸಾಲು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದರು.

"ಹೆಂಗ ಆತವ್ವಾ?" ಎಂದು ಹೆಮ್ಮೆಯಿಂದ ಕೇಳಿದರು.

ರಂಜನಾಳ ಬಾಯಿಗೆ ಬಂದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ನುಂಗಿಕೊಂಡಳು. "ಕಾಕಾ, ಯಾವ ಚಕ್ರ ಯಾವ ಬಟ್ಟಲದಾಗ ಇತ್ತು ಅನ್ನೂದು ಈಗ ಯಾರಿಗೂ ಗೊತ್ತಿಲ್ರಿ" ಎಂದಳು. ಯಜಮಾನರ ಮುಖ ಸಪ್ಪಗಾಯಿತು. ಸಣ್ಣ ದನಿಯಲ್ಲಿ, "ಶಾಂತಿನಾಥಗ ಫೋನ ಮಾಡ್ಲೇನು? ತಪ್ಪ ನಂದು ಅಂತ ನಾನ ಹೇಳತೇನಿ" ಎಂದರು.

ಒಳ್ಳೆಯ ಮಾತೇ. ಫೋನು ಮಾಡಿದರೆ ತಪ್ಪು ಅವಳ ಮೇಲೆ ಬರುತ್ತಿರಲಿಲ್ಲ. ಆದರೆ ಪಂಪು ಬಿಚ್ಚಿದ ಸ್ಥಿತಿಯಲ್ಲೇ ಉಳಿಯುತ್ತಿತ್ತು, ಅವಳು ಸ್ಟೂಲಿಗೆ ಮರಳುತ್ತಿದ್ದಳು. ಹನ್ನೊಂದು ವರ್ಷ ಕಾದದ್ದು ಯಾರದೋ ತಪ್ಪಿನ ಲೆಕ್ಕ ಹೇಳುವುದಕ್ಕೆ ಅಲ್ಲವಲ್ಲ! ಅವಳಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಅವಳ ಕೈ ನಿಧಾನವಾಗುತ್ತದೆ, ಅದು ಅವಳ ಸ್ವಭಾವ.

"ಬ್ಯಾಡ್ರಿ" ಎಂದಳು. "ಕುಂದ್ರಿ. ನಾ ಕೂಡಸತೇನಿ."

ಮೊದಲ ಚಕ್ರ ಎತ್ತಿ, ಕಣ್ಣು ಮುಚ್ಚಿ, ಅಂಚಿನ ಸುತ್ತ ಹೆಬ್ಬೆರಳು ಆಡಿಸಿದಳು. ಉಸುಕು ಕೊರೆದ ಸಣ್ಣ ಗೆರೆಯೊಂದು ಬೆರಳಿಗೆ ಸಿಕ್ಕಿತು. ಬಟ್ಟಲಿನೊಳಗೂ ಅಂಥದೇ ಗೆರೆ ಇರಬೇಕು. ಮೊದಲ ಬಟ್ಟಲಲ್ಲಿಟ್ಟು ತಿರುಗಿಸಿದಳು, ಕರ್ ಎಂದಿತು. ಎರಡನೆಯದರಲ್ಲಿ ಸಡಿಲ, ಲೊಡಲೊಡ. ಐದನೆಯದರಲ್ಲಿ ಇಟ್ಟೊಡನೆ ತಾನಾಗಿ ಕೂತಿತು, ತಿರುಗಿಸಿದರೆ ಸದ್ದೇ ಇಲ್ಲ. ಸಂಜೆಯ ಹಟ್ಟಿಯಲ್ಲಿ ಗುದ್ದಿಸಿಕೊಂಡು ಅಲೆದ ಮರಿ ಕೊನೆಗೆ ತನ್ನ ತಾಯಿಯ ಕೆಳಗೆ ಬಾಯಿ ಹಾಕಿದಾಗ ಹೀಗೇ ಗದ್ದಲ ನಿಲ್ಲುತ್ತಿತ್ತು. ರಂಜನಾಳಿಗೆ ಧೈರ್ಯ ಬಂತು. ಈ ಕೆಲಸ ಅವಳಿಗೆ ಗೊತ್ತಿದ್ದದ್ದೇ.

ಹನ್ನೊಂದೂವರೆಯಿಂದ ಒಂದರವರೆಗೆ ಅವಳು ತಲೆ ಎತ್ತಲಿಲ್ಲ. ಹತ್ತು ಜೋಡಿ ಕೂಡಿದವು. ಉಳಿದ ಎರಡು ಚಕ್ರ ಅವಳಿಜವಳಿ ಇದ್ದಂತೆ, ಈ ಬಟ್ಟಲಲ್ಲೂ ಕೂಡುತ್ತವೆ, ಆ ಬಟ್ಟಲಲ್ಲೂ ಕೂಡುತ್ತವೆ. ಜೋಡಿ ಕೂಡಿದ ನಂತರ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಸಾಲು ಕಷ್ಟವಾಗಲಿಲ್ಲ. ಉಸುಕು ಮೊದಲು ಹೊಡೆಯುವುದು ಕೆಳಗಿನದಕ್ಕೆ, ಹಾಗಾಗಿ ಹೆಚ್ಚು ಸವೆದದ್ದು ಕೆಳಗೆ. "ಕಾಕಾ, ನೀವ ಆರಿಸಿದ ಸಾಲು ಅರ್ಧ ಉಪಯೋಗಕ್ಕ ಬಂತು ನೋಡ್ರಿ" ಎಂದಳು. ಜಿನಪ್ಪನವರು ಎರಡೂ ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಕೂತಿದ್ದರು.

ಹೊಸ ಬುಶ್ಶು ಕೂಡಿಸಿ, ಎಲ್ಲ ಪೋಣಿಸಿ, ಬಿಗಿದು, ದಂಡವನ್ನು ಕೈಯಿಂದ ತಿರುಗಿಸಿದಳು. ತಿರುಗಿತು. ಆದರೆ ಪ್ರತಿ ಸುತ್ತಿಗೆ ಒಮ್ಮೆ, ಒಂದೇ ಜಾಗದಲ್ಲಿ, ಸಣ್ಣಗೆ ಕರ್ ಅಂದಿತು.

"ನೀರಿಗೆ ಇಳದ ಮ್ಯಾಲ ಸರಿ ಹೋಗತೈತಿ ಬಿಡವ್ವಾ" ಎಂದರು ಜಿನಪ್ಪನವರು. "ತೋಟದಾಗ ಆರಕ್ಕ ಲೈಟ ಹೋಗತೈತಿ. ಹೊತ್ತಿಲ್ಲ."

ಅವರು ಹೇಳಿದ್ದು ಸುಳ್ಳಲ್ಲ. ಇವತ್ತು ನೀರು ಬಂದೇ ಬರುತ್ತಿತ್ತು. ಶಾಂತಿನಾಥರ ಮಾತೂ ಉಳಿಯುತ್ತಿತ್ತು, ಅವಳ ಮಾತೂ ಉಳಿಯುತ್ತಿತ್ತು. ಆದರೆ ಹದಿನೈದು ದಿನಕ್ಕೋ ತಿಂಗಳಿಗೋ ಪಂಪು ಮತ್ತೆ ಜಾಮ್ ಆದಾಗ ದ್ರಾಕ್ಷಿ ಗೊನೆ ಹಿಡಿದಿರುತ್ತಿತ್ತು. ರಂಜನಾ ಇನ್ನೊಮ್ಮೆ ದಂಡ ತಿರುಗಿಸಿ ಕಿವಿಗೊಟ್ಟು ಕೇಳಿದಳು. ಮರಿಯನ್ನು ತಾಯಿ ಒಪ್ಪಿರಲಿಲ್ಲ.

"ಇಲ್ರಿ" ಎಂದು ಮತ್ತೆ ಪಾನಾ ಹಾಕಿದಳು. ಬೆರಳಿನ ಸಂದು ಸುಲಿದು ರಕ್ತ ಬಂತು, ಸೆರಗಿಗೆ ಒರೆಸಿಕೊಂಡಳು. ಎಲ್ಲ ಬಿಚ್ಚಿ, ಆ ಎರಡು ಅವಳಿ ಚಕ್ರಗಳನ್ನು ಅದಲುಬದಲು ಮಾಡಿದಳು. ಈ ಸಲ ಪೋಣಿಸುವ ಮುಂಚೆ, ತಂದೆ ಕುರಿಯ ಕಿವಿಗೆ ಹಾಕುತ್ತಿದ್ದ ಹಾಗೆ, ಒಂದೊಂದು ಜೋಡಿಗೂ ಅರದಿಂದ ಕಚ್ಚು ಹಾಕಿದಳು. ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು, ಹಾಗೇ ಹನ್ನೆರಡರವರೆಗೆ. ಬಿಗಿದು ತಿರುಗಿಸಿದಾಗ ದಂಡ ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ಆಗ ಗಂಟೆ ಮೂರು.

ಬೇಡಗದ ತೋಟದಲ್ಲಿ ಮೋಟಾರಿನ ಹೊಟ್ಟೆಗೆ ಶುದ್ಧ ನೀರು ತುಂಬಿ, ಕೂಡಿಸಿ, ಪೈಪಿನ ಮೇಲೆ ಪೈಪು ಜೋಡಿಸುತ್ತ ಬೋರಿಗೆ ಇಳಿಸುವಾಗ ಅವಳು ಪಕ್ಕದಿಂದ ಕದಲಲಿಲ್ಲ. ಕೂಲಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮರಾಠಿಯಲ್ಲಿ ಏನೋ ಅಂದು ನಕ್ಕರು. ಅವಳಿಗೆ ಕೇಳಿಸಿತು, ಮುಂದಿನ ಪೈಪು ಬಿಗಿದಳು. ಆರಕ್ಕೆ ಇಪ್ಪತ್ತು ನಿಮಿಷ ಇರುವಾಗ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದಳು. ಮೀಟರಿನ ಮುಳ್ಳು ಒಮ್ಮೆ ಜಿಗಿದು ತನ್ನ ಜಾಗಕ್ಕೆ ಬಂದು ನಿಂತಿತು. ಪೈಪು ಕೆಮ್ಮಿತು, ಗಾಳಿ ಬಿಟ್ಟಿತು, ಕೆಂಪು ನೀರು ಉಗುಳಿತು. ಆಮೇಲೆ ತುಂಬು ಧಾರೆ, ತಿಳಿ ನೀರು. ನಗುತ್ತಿದ್ದ ಕೂಲಿಯವರೇ ಮೊದಲು ಅದರಲ್ಲಿ ಕಾಲು ತೊಳೆದುಕೊಂಡರು. ರಂಜನಾ ಬೊಗಸೆಯೊಡ್ಡಿ ಮುಖಕ್ಕೆ ನೀರು ಹಾಕಿಕೊಂಡಳು. ಅಳು ಬಂದಿತ್ತು, ನೀರಿನಲ್ಲಿ ಅದು ಯಾರಿಗೂ ಕಾಣಲಿಲ್ಲ.

ಜಿನಪ್ಪನವರು ಅಲ್ಲಿಂದಲೇ ಶಾಂತಿನಾಥರಿಗೆ ಫೋನು ಮಾಡಿ, ಕಚ್ಚು ಹಾಕಿದ್ದನ್ನೂ ತಿಳಿಸಿ, "ನಿನಗಿಂತ ಛಲೋ ಬಿಚ್ಚತಾಳಪಾ" ಎಂದರಂತೆ. ಶಾಂತಿನಾಥರು ಏನೆಂದರೋ ಗೊತ್ತಿಲ್ಲ. ಅವರು ಮೆಚ್ಚಿದ್ದನ್ನು ಬಾಯಿಬಿಟ್ಟು ಹೇಳುವವರೇ ಅಲ್ಲ.

ತಿಂಗಳ ಮೇಲೆ ಅವರು ಕೈಯನ್ನು ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ ಹಾಕಿಕೊಂಡು ಅಂಗಡಿಗೆ ಬಂದರು. ಅವತ್ತೇ ಜಿನಪ್ಪನವರ ಬೀಗ ಸುಭಾಷ ಒಂದು ಪಂಪು ಹೊತ್ತು ತಂದ. ಶಾಂತಿನಾಥರು ಗೋಣಿತಟ್ಟಿನ ಕಡೆ ಒಮ್ಮೆ ನೋಡಿದರು. ಒಳಗೆ ಹೋಗಿ ಟ್ಯೂಬ್‌ಲೈಟಿನ ಕೆಳಗಿನ ಸ್ಟೂಲಿನ ಮೇಲೆ ತಾವೇ ಕೂತರು. ಕೂತಲ್ಲಿಂದಲೇ, "ರಂಜನಾ, ಅರ ತಗೊಂಡಿಯೇನು? ಕಚ್ಚ ಹಾಕೂದು ಮರೀಬ್ಯಾಡ" ಎಂದರು.

ರಂಜನಾ ಗೋಣಿತಟ್ಟು ಝಾಡಿಸಿ ಹಾಸಿ, ಬೆಳಕಿಗೆ ಮುಖ ಮಾಡಿ ಕೂತಳು. ಸುಭಾಷ ಕುತೂಹಲದಿಂದ ಬಗ್ಗಿ ಬೋಲ್ಟಿಗೆ ಬೆರಳು ಚಾಚಿದ.

"ಮಾಲಕರ, ಅಲ್ಲಿ ಕುಂದ್ರಿ, ಚಹಾ ತರಸತೇನಿ" ಎಂದಳು ಅವಳು, ತಲೆ ಎತ್ತದೆಯೇ. "ಪಂಪಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ."