ದೀಪದ ತುಪ್ಪ

ಚಾಮರಾಜಪುರಂನಲ್ಲಿ ನಮ್ಮದೊಂದು ಗ್ರಂಧಿಗೆ ಅಂಗಡಿ. ಅರಿಶಿನ, ಕುಂಕುಮ, ಕರ್ಪೂರ, ಹೂಬತ್ತಿ, ಸಮಿತ್ತು ಮೊದಲಾಗಿ ಪೂಜೆಗೂ ಹೋಮಕ್ಕೂ ಬೇಕಾದುದೆಲ್ಲ ಅಲ್ಲಿ ದೊರೆಯುತ್ತದೆ. ತೆರೆದವರು ನಮ್ಮ ತಂದೆಯವರು. ಸಂಸ್ಕೃತ ಪಾಠಶಾಲೆಯ ಓದು ಮುಗಿಸಿದ ಮೇಲೆ ಅವರ ಜಾಗದಲ್ಲಿ ನಾನು ಕುಳಿತೆ. ಈಗ ವ್ಯವಹಾರವನ್ನೆಲ್ಲ ಸೊಸೆ ನೋಡಿಕೊಳ್ಳುತ್ತಾಳೆ. ಬೆಳಿಗ್ಗೆ ಅಂಗಡಿಯ ದೇವರಿಗೆ ದೀಪ ಹಚ್ಚುವುದು, ಆಮೇಲೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತು ಬಂದವರನ್ನು ಮಾತನಾಡಿಸುವುದು, ಇಷ್ಟು ನನ್ನ ಪಾಲಿಗೆ ಉಳಿದಿದೆ.

ಈ ವೃತ್ತಿಯಲ್ಲಿ ನನ್ನನ್ನು ಬಿಡದೆ ಕಾಡಿದ ಮಾತೊಂದಿದೆ: "ಪೂಜೆಗೆ ತಾನೇ!" ಒಳ್ಳೆಯ ಅಡಿಕೆ ತೋರಿಸಿದರೆ, "ಇಷ್ಟು ಚೆನ್ನಾಗಿರೋದು ಬೇಡಿ, ಪೂಜೆಗೆ ತಾನೇ" ಎನ್ನುತ್ತಾರೆ. ಮುತ್ತೈದೆಯರಿಗೆ ಕೊಡುವ ರವಿಕೆ ಕಣವೂ ಹಾಗೆಯೇ. ಯಾರೂ ಹೊಲಿಸಿಕೊಳ್ಳಲಾರದ ಆ ಬಟ್ಟೆ ಮನೆಯಿಂದ ಮನೆಗೆ ಸುತ್ತಿ, ಒಮ್ಮೊಮ್ಮೆ ಮೊದಲು ಕೊಟ್ಟವರ ಕೈಗೇ ಮರಳುತ್ತದೆ. ತಾನು ಉಣ್ಣದ್ದನ್ನು, ತಾನು ಉಡದ್ದನ್ನು ದೇವರ ಮುಂದೆ ಇಡಬಾರದೆಂದು ಗುರುಗಳು ಹೇಳಿಕೊಟ್ಟಿದ್ದರು. ಅಂಗಡಿಯಲ್ಲಿ ನಾನು ಕಂಡದ್ದು ಅದರ ತಲೆಕೆಳಗು.

ಕೆಲವು ವರ್ಷಗಳ ಹಿಂದೆ ದೀಪದ ತುಪ್ಪವೆಂಬ ಪದಾರ್ಥ ಪ್ಯಾಕೆಟ್ಟಿನಲ್ಲಿ ಬರತೊಡಗಿತು. ತುಪ್ಪದ ಬಣ್ಣವಿದೆ, ತುಪ್ಪದ ವಾಸನೆಯಿದೆ, ಹಾಲಿನ ಹನಿಯಿಲ್ಲ. ಹಿಂಬದಿಯಲ್ಲಿ, ಇರುವೆಯಂಥ ಅಕ್ಷರಗಳಲ್ಲಿ, ತಿನ್ನಲು ಯೋಗ್ಯವಲ್ಲವೆಂದು ಬರೆದಿರುತ್ತದೆ. ನಾನು ಅದನ್ನು ಹೊಸಿಲು ದಾಟಲು ಬಿಡಲಿಲ್ಲ. ನಂಜನಗೂಡಿನ ಕಡೆಯಿಂದ ಬೆಣ್ಣೆ ತರಿಸಿ ಮನೆಯಲ್ಲಿ ಕಾಯಿಸಿದ ತುಪ್ಪವನ್ನಷ್ಟೇ ಮಾರುತ್ತಿದ್ದೆವು. ಬೆಲೆ ಕೇಳಿದವರು ಹೌಹಾರಿ ಹಿಂದಿರುಗುತ್ತಿದ್ದರು.

ಒಂದು ಸಂಜೆ ಸೊಸೆ ಹೇಳಿದಳು: "ಮಾವ, ದೀಪದ ತುಪ್ಪ ಇಲ್ಲ ಅಂದ್ರೆ ಜನ ಅದೊಂದಕ್ಕೇ ಬೇರೆ ಕಡೆ ಹೋಗಲ್ಲ. ಪೂಜೆ ಸಾಮಾನು ಪೂರ್ತಿ ಪಕ್ಕದ ಕ್ರಾಸ್ ಅಂಗಡೀಲೇ ತಗೋತಾರೆ."

"ತಗೊಳ್ಳಲಿ ಕಣಮ್ಮ. ಹಸುವಿನ ಮುಖ ನೋಡದ ತುಪ್ಪಾನ ದೇವರ ಹೆಸರಲ್ಲಿ ಮಾರಲಾರೆ."

"ಹಾಗಾದ್ರೆ ಬಾಗಿಲು ಹಾಕಿಬಿಡೋಣ. ಕಟ್ಟಡದವರು ಬಾಡಿಗೆ ಏರಿಸ್ತೀವಿ ಅಂತ ಹೇಳಿ ಹೋಗಿದಾರೆ. ಎಲ್ಲಿಂದ ತರಲಿ?"

ಮರುದಿನವೇ ನಮ್ಮ ಬೀದಿಯ ದೇವಸ್ಥಾನದ ಅರ್ಚಕರು ಬಂದರು. ನಂದಾದೀಪಕ್ಕೆ ತಂದೆಯವರ ಕಾಲದಿಂದಲೂ ನಮ್ಮದೇ ತುಪ್ಪ. ಅವರು ಅತ್ತಿತ್ತ ನೋಡಿ, ಮೆಲ್ಲಗೆ ಕೇಳಿದರು: "ಆ ಪ್ಯಾಕೆಟ್ ತುಪ್ಪ ಇಟ್ಟಿದೀರಾ?"

"ನೀವೂನಾ, ಸ್ವಾಮಿ?"

"ಏನು ಮಾಡಲಿ ಹೇಳಿ. ತಟ್ಟೆ ಕಾಸಲ್ಲಿ ನಿಮ್ಮ ತುಪ್ಪ ಉರಿಸೋಕಾಗುತ್ತಾ? ಸೇವೆಗೆ ಅಂತ ಜನ ತಂದುಕೊಡೋದೂ ಅದನ್ನೇ. ದೇವರಿಗಾದ್ರೂ ಕಲ್ಲಿನ ಮೈ ಕಣ್ರೀ, ಗರ್ಭಗುಡೀಲಿ ನಿಂತು ಆ ಹೊಗೆ ಕುಡಿಯೋನು ನಾನು!"

ಅಂದು ನಾನು ಸೋತೆ. ದೇವಸ್ಥಾನಕ್ಕೆ ನಮ್ಮ ತುಪ್ಪವನ್ನೇ ಪ್ಯಾಕೆಟ್ಟಿನ ಬೆಲೆಗೆ ಕೊಡಬೇಕೆಂದು ಸೊಸೆಯನ್ನು ಕೇಳಿಕೊಂಡೆ, ಅವಳು ಒಪ್ಪಿದಳು. ಪ್ಯಾಕೆಟ್ ತರಿಸಲು ನಾನೂ ಒಪ್ಪಿದೆ. ಆದರೆ ಅದು ಪೂಜಾ ಸಾಮಗ್ರಿಯ ಸಾಲಿನಲ್ಲಿ ಇರಕೂಡದು, ಕೆಳಗಿನ ಹಲಗೆಯಲ್ಲಿ ಸೀಗೆಪುಡಿಯ ಪಕ್ಕದಲ್ಲಿರಬೇಕು. ಕೊಳ್ಳುವವರಿಗೆಲ್ಲ ಅದು ಏನೆಂಬುದನ್ನು ನಾನೇ ಬಾಯಿಬಿಟ್ಟು ಹೇಳುತ್ತೇನೆ ಎಂದೆ. ನಿಜ ಕೇಳಿದರೆ ನಾಚಿಯಾರು, ಕೆಳಗಿಟ್ಟು ಹೋದಾರು ಎಂಬುದು ನನ್ನ ಎಣಿಕೆ.

ಯಾರೂ ನಾಚಲಿಲ್ಲ. ಶ್ರೀರಾಂಪುರದಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶದ ಸಾಮಾನಿಗೆ ಬಂದಿದ್ದ ಒಬ್ಬರಿಗೆ, "ಇದು ತುಪ್ಪವೇ ಅಲ್ಲ, ತಿನ್ನಬೇಡಿ" ಎಂದೆ. ಅವರು ಕೈಮುಗಿದರು. "ಬ್ಯಾರೆ ಅಂಗಡೀಲಿ ಇದ್ನ ಯಾರು ಯೋಳ್ತಾರೆ ಯಜಮಾನ್ರೇ? ನಿಮ್ಮಂಗೆ ನ್ಯಾಯವಾಗಿ ಯಾಪಾರ ಮಾಡೋರು ಎಲ್ಲವ್ರೆ? ಒಂದು ಡಜನ್ ಕೊಟ್ಬುಡಿ" ಎಂದರು. ತಮ್ಮ ಬೀದಿಯವರಿಗೂ ಹೇಳಿ ಕಳುಹಿಸಿದರು.

ಸೊಸೆಗೆ ನಗು. "ಮಾವ, ನೀವು ಬೈದಷ್ಟೂ ಚೆನ್ನಾಗಿ ಖರ್ಚಾಗುತ್ತೆ. ಇನ್ನೂ ಸ್ವಲ್ಪ ಜೋರಾಗೇ ಬೈಯಿರಿ."

ನನಗೆ ನಗು ಬರಲಿಲ್ಲ. ಹೇಳಿದರೆ ಅದು ಜಾಹೀರಾತು, ಹೇಳದಿದ್ದರೆ ವಂಚನೆ. ಸತ್ಯಕ್ಕೆ ಇಂಥ ಗತಿಯೂ ಬಂದೀತೆಂದು ಯಾವ ಪಾಠದಲ್ಲೂ ಓದಿರಲಿಲ್ಲ.

ಈ ವರ್ಷ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಜಯಲಕ್ಷ್ಮಿಪುರಂನಿಂದ ಒಬ್ಬ ಗೃಹಿಣಿ ಬಂದರು. ಒಂದು ಡಬ್ಬಿ ನಮ್ಮ ತುಪ್ಪ ಕೇಳಿದಾಗ ನನ್ನ ಮನಸ್ಸು ಅರಳಿತು. ಮರುಕ್ಷಣವೇ ಅವರು ಕೆಳಗಿನ ಹಲಗೆಯ ಪ್ಯಾಕೆಟ್ಟುಗಳನ್ನೂ ಎತ್ತಿಕೊಂಡರು.

"ಎರಡೂ ಯಾಕಮ್ಮ?"

"ಡಬ್ಬೀದು ನೈವೇದ್ಯದ ಹೋಳಿಗೆಗೆ, ಇದು ದೀಪಕ್ಕೆ."

"ಇಬ್ಬರು ಲಕ್ಷ್ಮಿಯರೇನು ತಾಯಿ? ನೈವೇದ್ಯಕ್ಕೆ ಒಳ್ಳೇದು, ದೀಪಕ್ಕೆ ಇದು?"

"ಅಯ್ಯೋ, ನೈವೇದ್ಯ ಆಮೇಲೆ ನಾವು ತಿನ್ನಬೇಕಲ್ಲ ಅಂಕಲ್!"

ಆಕೆ ಹೋದ ಮೇಲೆ ನನ್ನ ಸಹನೆಯ ಕಟ್ಟೆಯೊಡೆಯಿತು. "ನಾಳೆಯಿಂದ ಇದು ಬೇಡ. ಬಾಗಿಲು ಹಾಕಿದರೂ ಸರಿಯೇ!" ಎಂದು ಕೂಗಾಡಿದೆ. ಸೊಸೆ ಪೊಟ್ಟಣ ಕಟ್ಟುವುದನ್ನು ನಿಲ್ಲಿಸಲಿಲ್ಲ.

"ನಿಲ್ಲಿಸ್ತೀನಿ ಮಾವ. ಆದ್ರೆ ದೇವಸ್ಥಾನಕ್ಕೆ ಹೋಗೋ ತುಪ್ಪಾನೂ ನಿಲ್ಲುತ್ತೆ. ಅಷ್ಟು ಕಮ್ಮಿಗೆ ಕೊಡ್ತಿರೋದು ಯಾವುದರ ಲಾಭದಲ್ಲಿ ಅಂದ್ಕೊಂಡಿದೀರಿ?"

ಅವಳ ದನಿಯಲ್ಲಿ ಕುಹಕವಿರಲಿಲ್ಲ. ಅದಕ್ಕೇ ಅದು ಹೆಚ್ಚು ನಾಟಿತು.

ಸಂಜೆ ದೇವಸ್ಥಾನಕ್ಕೆ ಹೋದೆ. ನಂದಾದೀಪ ಹೊಗೆಯಿಲ್ಲದೆ, ಅಲುಗದೆ ಉರಿಯುತ್ತಿತ್ತು. "ನೋಡಿ, ನಿಮ್ಮ ತುಪ್ಪ! ನನ್ನ ಕೆಮ್ಮೂ ಹೋಯ್ತು ಕಣ್ರೀ. ಈ ಪುಣ್ಯ ನಿಮ್ಮದೇ" ಎಂದು ಅರ್ಚಕರು ಮಂಗಳಾರತಿ ಹಿಡಿದು ಬಂದರು. ಕೈ ಚಾಚಲು ನನಗೆ ತಡವಾಯಿತು. ಹಿಂದಿದ್ದವರು "ಸರಿಯಿರಿ ಸ್ವಾಮಿ" ಎಂದ ಮೇಲೆ ಜ್ವಾಲೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಮರುದಿನ ಸೊಸೆ ಪ್ಯಾಕೆಟ್ಟುಗಳ ಹೊಸ ಪೆಟ್ಟಿಗೆ ಬಿಚ್ಚಿದಳು. ನಾನು ಬೇಡವೆನ್ನಲಿಲ್ಲ. ಕುರ್ಚಿಯಲ್ಲಿ ಕುಳಿತು, ಬಂದವರಿಗೆಲ್ಲ ಅದು ತುಪ್ಪವಲ್ಲವೆಂದು ಹೇಳುತ್ತಲೇ ಇದ್ದೆ. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆ ಬರಿದಾಗಿತ್ತು.