ಅಂಚೆಯಲ್ಲಿ ಬಂದ ಬಿ.ಎ.

ನಮ್ಮ ಅತ್ತಿಗೆ ಶಾಂತಿಗ್ರಾಮದ ಪ್ರೈಮರಿ ಶಾಲೆಯಲ್ಲಿ ಮೇಡಂ ಆಗಿದ್ದರು. ಅಣ್ಣ ಹೊಲ ನೋಡಿಕೊಳ್ಳುತ್ತಿದ್ದ. ನಾನು ಚನ್ನರಾಯಪಟ್ಟಣದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದು, ಭಾನುವಾರಗಳಲ್ಲಿ ಊರಿಗೆ ಬರುತ್ತಿದ್ದೆ. ಅರವತ್ತರ ದಶಕದ ಮೊದಲ ವರ್ಷಗಳವು. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಬೇಕೆಂಬುದು ಅತ್ತಿಗೆಯ ಆಸೆ. ಅದಕ್ಕೆ ಬಿ.ಎ. ಬೇಕಿತ್ತು. ಸಂಸಾರ ಬಿಟ್ಟು ಹಾಸನದ ಕಾಲೇಜಿಗೆ ಹೋಗುವಂತಿರಲಿಲ್ಲ.

ಆಗ ಪೇಪರಿನಲ್ಲಿ ಒಂದು ಜಾಹೀರಾತು ಕಂಡಿತು. ಬೆಂಗಳೂರಿನ ಒಂದು ವಿದ್ಯಾಪೀಠ ಮನೆಗೇ ಪಾಠ ಕಳಿಸಿ, ಉತ್ತರಗಳನ್ನು ತಿದ್ದಿ, ಕೊನೆಗೆ ಬಿ.ಎ. ಪದವಿಯನ್ನೂ ಕೊಡುತ್ತದಂತೆ. ಪರೀಕ್ಷೆಗೆ ಎಲ್ಲಿಗೂ ಹೋಗಬೇಕಿಲ್ಲವಂತೆ.

ಅಣ್ಣ ನಕ್ಕುಬಿಟ್ಟ. "ಲಕೋಟೆಲಿ ಬಿ.ಎ. ಬತ್ತದಾ? ಅಂಗಾದ್ರೆ ಒಂದ್ ಎಮ್ಮೆನೂ ತರ್ಸು, ನೋಡಾನ."

ಅತ್ತಿಗೆ ನಗಲಿಲ್ಲ. ಮೊದಲ ಕಂತಿನ ಪಾಠಗಳನ್ನು ತರಿಸಿಕೊಂಡರು. ಹೊಯ್ಸಳರ ಆಡಳಿತದ ಬಗ್ಗೆ ಒಂದು ಪ್ರಶ್ನೆಗೆ ಪುಟಗಟ್ಟಲೆ ಉತ್ತರ ಬರೆದರು. ಲಕೋಟೆ ಅಂಟಿಸುವ ಮುಂಚೆ ನನಗೆ ಓದಲು ಕೊಟ್ಟರು. ನಡುವೆ ಒಂದು ಕಡೆ ತೆರಿಗೆಯ ವಿಷಯ ನಿಂತು, ಬಸ್ಸಾರು ಮಾಡುವ ವಿಧಾನ ಶುರುವಾಗಿತ್ತು. ಕಾಳು ಬೇಯಿಸಿ, ಕಟ್ಟು ಬಸಿದು, ಖಾರ ರುಬ್ಬಿ ಹಾಕುವುದು. ಆಮೇಲೆ ಮತ್ತೆ ತೆರಿಗೆ.

"ಇದೇನತ್ತಿಗೆ?"

"ಓದ್ದೆ ಮಾರ್ಕ್ಸ್ ಕೊಡೋರಾದ್ರೆ ಇದ್ಕೂ ಕೊಡ್ತಾರೆ ಕಣಪ್ಪ. ಆಗ ಗೊತ್ತಾಯ್ತದೆ ಅವರ ಬಂಡವಾಳ."

ಆ ಉತ್ತರ ತಿದ್ದಿಸಿಕೊಂಡು ಬರುವವರೆಗೆ ನನಗೂ ತಡೆಯಲಾಗದಷ್ಟು ಕುತೂಹಲ. ಚನ್ನರಾಯಪಟ್ಟಣದಿಂದ ಬಸ್ಸಿಳಿದವನೇ "ಬಂತಾ?" ಎಂದು ಕೇಳುತ್ತಿದ್ದೆ. ಕೊನೆಗೊಂದು ವಾರ ಬಂದಿತ್ತು. ಬಸ್ಸಾರಿನ ಸಾಲುಗಳಿಗೆಲ್ಲ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಮುದ್ದಾದ ಅಕ್ಷರದಲ್ಲಿ ಬರೆದಿದ್ದರು: "ಇದು ಚರಿತ್ರೆಯಲ್ಲ. ಅಂದಹಾಗೆ, ಹುಣಸೆಹಣ್ಣು ಮರೆತಿದ್ದೀರಿ."

ಅತ್ತಿಗೆ ಬಿದ್ದುಬಿದ್ದು ನಕ್ಕರು. ಆಮೇಲೆ, "ಓದೋರು ಯಾರೋ ಇದಾರೆ. ಆದ್ರೂ ಪದವಿ ದಿಟವಾದದ್ದೋ ಅಲ್ವೋ?" ಎಂದರು. ಉಳಿದ ಉತ್ತರವನ್ನು ತಿದ್ದಿದ್ದ ರೀತಿ ನೋಡಿದರೆ ಮೋಸವೆನ್ನಲು ನನಗೂ ಬಾಯಿ ಬರಲಿಲ್ಲ.

ಒಂದು ಶನಿವಾರ ನಾನು ರಜೆ ಹಾಕಿದೆ; ಇಬ್ಬರೂ ಹಾಸನಕ್ಕೆ ಹೋಗಿ, ಕಾಲೇಜಿನ ಚರಿತ್ರೆಯ ಲೆಕ್ಚರರನ್ನು ಕಂಡೆವು. ಅವರು ಮೊದಲು ತಿದ್ದಿದ ಉತ್ತರವನ್ನು ಓದಿದರು. "ಚೆನ್ನಾಗಿ ತಿದ್ದಿದಾರಮ್ಮ. ನಾನೂ ಇಷ್ಟು ತಾಳ್ಮೆಯಿಂದ ನೋಡಲ್ಲ." ಆಮೇಲೆ ವಿದ್ಯಾಪೀಠದ ಪರಿಚಯ ಪುಸ್ತಕ ತಿರುವಿದರು. "ಈ ಪದವಿ ಕೊಡೋ ಅಧಿಕಾರ ಇವರಿಗೆ ಯಾರು ಕೊಟ್ರು? ಎಲ್ಲೂ ಬರೆದಿಲ್ವಲ್ಲ."

"ರಿಜಿಸ್ಟರ್ ಆಗೈತೆ ಅಂತ ಬರ್ದೈತಲ್ಲ ಸಾ," ಎಂದರು ಅತ್ತಿಗೆ.

"ಸಂಘ ಅಂತ ರಿಜಿಸ್ಟರ್ ಆಗಿದೆ. ಭಜನಾ ಮಂಡಳಿನೂ ಹಾಗೇ ಆಗುತ್ತೆ. ಪದವಿ ಕೊಡೋಕೆ ಕಾನೂನು ಬೇಕು. ಇದನ್ನ ಹಿಡ್ಕೊಂಡು ನಮ್ಮಲ್ಲಿ ಎಂ.ಎ.ಗೆ ಬಂದ್ರೆ ಸೇರಿಸ್ಕೊಳಲ್ಲ. ನಿಮ್ಮ ಇಲಾಖೆನೂ ಒಪ್ಪಲ್ಲ. ಬೇಕಾದ್ರೆ ಕೇಳಿ ನೋಡಿ."

ಅತ್ತಿಗೆ ಅಲ್ಲಿಂದ ನೇರ ಶಿಕ್ಷಣ ಇಲಾಖೆಯ ಕಚೇರಿಗೇ ನಡೆದರು. ಅಲ್ಲೂ ಅದೇ ಉತ್ತರ.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಅತ್ತಾರೇನೋ ಎಂದುಕೊಂಡೆ. ಅವರು ತಿರುಗಿ, "ಪದವಿ ಬ್ಯಾಡ, ಪಾಠ ಮಾತ್ರ ಕಳ್ಸಿ ಅಂತ ಬರ್ದ್ರೆ ಕಳುಸ್ತಾರಾ?" ಎಂದರು.

ಕಳಿಸಿದರು. ಅತ್ತಿಗೆ ಬರೆದರು, ಕೆಂಪು ಶಾಯಿಯವರು ತಿದ್ದಿದರು. ಒಂದು ಮಳೆಗಾಲ ಕಳೆದ ಮೇಲೆ ಲಕೋಟೆಗಳು ನಿಂತವು. ವಿದ್ಯಾಪೀಠ ಮುಚ್ಚಿತಂತೆ. ತಿದ್ದುತ್ತಿದ್ದವರು ಗಂಡಸೋ ಹೆಂಗಸೋ ಎಂಬುದೂ ನಮಗೆ ತಿಳಿಯಲಿಲ್ಲ.

ಆ ದಶಕದ ಕೊನೆಗೆ ಮೈಸೂರಿನ ವಿಶ್ವವಿದ್ಯಾಲಯವೇ ಅಂಚೆಯಲ್ಲಿ ಪಾಠ ಶುರುಮಾಡಿತು. ಅತ್ತಿಗೆ ಈ ಸಲ ಮೊದಲು ವಿಚಾರಿಸಿ, ಆಮೇಲೆ ಸೇರಿದರು. ಪರೀಕ್ಷೆಯ ದಿನ ಅಣ್ಣನೇ ಅವರನ್ನು ಬಸ್ಸು ಹತ್ತಿಸಿದ. ಪರೀಕ್ಷಾ ಹಾಲ್‌ನಲ್ಲಿ ಬಸ್ ಕಂಡಕ್ಟರ್, ಪೊಲೀಸಿನವರು, ತಲೆ ನರೆತ ಮೇಷ್ಟ್ರುಗಳೆಲ್ಲ ಸಾಲಾಗಿ ಕೂತು ಬರೆಯುತ್ತಿದ್ದರಂತೆ. "ನಾನೇ ಅಲ್ಲಿ ಚಿಕ್ಕೋಳು ಕಣೋ," ಎಂದು ಅತ್ತಿಗೆ ಹೆಮ್ಮೆಯಿಂದ ಹೇಳಿದರು.